ಯಾವುದು ಮೊದಲು, ಯಾವುದು ಆಮೇಲೆ: ಕಥೆಯ ಘಟನೆಗಳನ್ನು ಜೋಡಿಸಲು ಮಕ್ಕಳಿಗೆ ಕಲಿಸುವುದು ಹೇಗೆ

ಎರಡನೇ ತರಗತಿಯ ಮಗುವಿಗೆ ಒಂದು ಕಥೆ ಹೇಳಿ, "ಏನಾಯ್ತು ಹೇಳವ್ವ" ಅಂತ ಕೇಳಿ ನೋಡಿ. ಬಹಳ ಮಕ್ಕಳು ಕೊನೆಯಿಂದ ಶುರು ಮಾಡುತ್ತಾರೆ. "ಆಡು ಓಡಿಹೋಯ್ತು ಮಿಸ್!" ಅಲ್ಲಿಗೆ ಕಥೆ ಮುಗೀತು. ಆಡು ಎಲ್ಲಿಂದ ಬಂತು, ಯಾಕೆ ಬಂತು, ಯಾರು ಓಡಿಸಿದರು, ಎಲ್ಲವನ್ನೂ ನಾವೇ ಕೆದಕಿ ಕೆದಕಿ ತೆಗೆಯಬೇಕು. ಹಾಗಂತ ಮಗುವಿಗೆ ಕಥೆ ತಿಳಿದಿಲ್ಲ ಅಂತಲ್ಲ. ಖುಷಿ ಕೊಟ್ಟಿದ್ದು ಮೊದಲು ಬಾಯಿಗೆ ಬಂತು, ಅಷ್ಟೆ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮೊದಮೊದಲು ಈ ಪಾಠವನ್ನು ನಾನು ಮಾಡುತ್ತಿದ್ದ ಬಗೆ ಹೀಗಿತ್ತು: ಬೋರ್ಡಿನ ಮೇಲೆ ಆರು ವಾಕ್ಯ ಹಿಂದೆ ಮುಂದೆ ಮಾಡಿ ಬರೆಯುವುದು, ಪಕ್ಕದಲ್ಲಿ ಚೌಕ ಹಾಕುವುದು, 1ರಿಂದ 6ರವರೆಗೆ ಅಂಕಿ ಹಾಕಿ ಎನ್ನುವುದು. ನೆನಪಿದ್ದವರು ಹಾಕುತ್ತಿದ್ದರು. ನೆನಪಿಲ್ಲದವರು ಪಕ್ಕದವರ ಸ್ಲೇಟು ನೋಡುತ್ತಿದ್ದರು. ಯಾರೂ ಏನನ್ನೂ ಕಲಿಯುತ್ತಿರಲಿಲ್ಲ.

ಈಗ ನಾನು ಎಲ್ಲದಕ್ಕೂ ಒಂದೇ ಪ್ರಶ್ನೆ ಹಿಡಿದು ಹೊರಡುತ್ತೇನೆ. "ಇದು ಆಗದೇ ಇದ್ದಿದ್ರೆ ಅದು ಆಗ್ತಿತ್ತಾ?" ಒಂದು ಘಟನೆ ಇನ್ನೊಂದನ್ನು ಹೇಗೆ ಎಳೆದು ತಂದಿತು ಅಂತ ಮಗುವಿಗೆ ಕಂಡರೆ, ಸಾಲು ತಾನಾಗಿಯೇ ನಿಲ್ಲುತ್ತದೆ. ಕೆಳಗೆ ಬರೆದಿರುವುದೆಲ್ಲ ಆ ಪ್ರಶ್ನೆಯ ಸುತ್ತ ಕಟ್ಟಿಕೊಂಡ ಹೆಜ್ಜೆಗಳು. ಶಾಲೆಯಲ್ಲೂ ಮಾಡಬಹುದು, ಮನೆಯಲ್ಲೂ ಮಾಡಬಹುದು.

ಮೊದಲ ಹೆಜ್ಜೆ: ಪುಸ್ತಕ ಬೇಡ, ಒಗ್ಗರಣೆ ಮಂಡಕ್ಕಿ ಸಾಕು

ಕಥೆಗೆ ಕೈಹಾಕುವ ಮೊದಲು ಮಕ್ಕಳಿಗೆ ಕಣ್ಣು ಮುಚ್ಚಿದರೂ ಗೊತ್ತಿರುವ ಒಂದು ಕೆಲಸ ತಗೊಳ್ಳಿ. ದಾವಣಗೆರೆ, ಚಿತ್ರದುರ್ಗದ ಕಡೆ ಒಗ್ಗರಣೆ ಮಂಡಕ್ಕಿ ಮಾಡುವುದನ್ನು ನೋಡದ ಮಗು ಸಿಗುವುದು ಕಷ್ಟ. ಐದಾರು ಮಕ್ಕಳನ್ನು ಮುಂದೆ ಕರೆಯಿರಿ. ಒಬ್ಬಳು ಬಾಣಲೆ ಇಟ್ಟು ಎಣ್ಣೆ ಹಾಕುತ್ತಾಳೆ, ಒಬ್ಬ ಸಾಸಿವೆ ಸಿಡಿಸುತ್ತಾನೆ, ಒಬ್ಬಳು ಈರುಳ್ಳಿ ಮೆಣಸಿನಕಾಯಿ ಹಾಕುತ್ತಾಳೆ, ಒಬ್ಬ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡುತ್ತಾನೆ, ಕೊನೆಯವಳು ಪುಟಾಣಿ ಪುಡಿ ಉದುರಿಸಿ ಕಲಸುತ್ತಾಳೆ. ಎಲ್ಲವೂ ಬರೀ ನಟನೆ. ಪಾತ್ರೆ ಪಗಡಿ ಏನೂ ಬೇಡ.

ಈಗ ಸಾಲು ಕೆಡಿಸಿ. ಸಾಸಿವೆಯವನನ್ನು ಎಣ್ಣೆಯವಳ ಮುಂದೆ ನಿಲ್ಲಿಸಿ. ಇಡೀ ತರಗತಿ ಕೂಗುತ್ತದೆ. ಯಾಕೆ ಕೂಗಿದಿರಿ ಅಂತ ಕೇಳಿ. "ಸಾಸಿವೆ ಸೀದು ಹೋಗುತ್ತೆ ಮಿಸ್." ನೋಡಿ, ಕಾರಣ ಬಂತು. ಒಮ್ಮೆ ನಾನು ಮಂಡಕ್ಕಿ ಅದ್ದುವವನನ್ನು ಎಲ್ಲರಿಗಿಂತ ಮೊದಲು ನಿಲ್ಲಿಸಿದೆ. ನೆನೆಸುವ ಕೆಲಸ ಮೊದಲೇ ಮುಗಿಸಿಕೊಂಡರೆ ತಪ್ಪೇನು ಅಂತ ನನ್ನ ಲೆಕ್ಕ. ಒಂದನೇ ತರಗತಿಯ ಹುಡುಗಿ ಎದ್ದು ನಿಂತು, "ಅಷ್ಟೊತ್ತು ಇಟ್ರೆ ಮುದ್ದೆ ಆಗುತ್ತೆ ಮಿಸ್, ನಮ್ಮವ್ವ ಕೊನೆಗೆ ಅದ್ದೋದು" ಅಂದಳು. ಓದಲು ಇನ್ನೂ ಅಕ್ಷರ ಕೂಡಿಸುತ್ತಿದ್ದ ಮಗು ಅದು. ಅನುಕ್ರಮ ಅವಳಿಗೆ ಆಗಲೇ ಗೊತ್ತಿತ್ತು. ಅದನ್ನು ಕಥೆಗೆ ದಾಟಿಸುವುದಷ್ಟೇ ನನಗೆ ಉಳಿದ ಕೆಲಸ.

ಇದಕ್ಕೆ ಒಂದು ದಿನ ಸಾಕು.

ಎರಡನೇ ಹೆಜ್ಜೆ: ಮೂರೇ ಚಿತ್ರ

ರಟ್ಟಿಗೆ ಹಣ ಖರ್ಚು ಮಾಡಬೇಡಿ. ಹಳೆಯ ಮದುವೆ ಕಾರ್ಡುಗಳ ಹಿಂಭಾಗ ಖಾಲಿ ಇರುತ್ತದೆ, ಗಟ್ಟಿಯೂ ಇರುತ್ತದೆ. ಮೂರು ಚಿತ್ರ ಬರೆಯಿರಿ: ಹುಡುಗಿ ಬಲೂನ್ ಊದುತ್ತಿದ್ದಾಳೆ, ಬಲೂನ್ ತುಂಬ ದೊಡ್ಡದಾಗಿದೆ, ಬಲೂನ್ ಒಡೆದು ಹುಡುಗಿ ಬೆಚ್ಚಿದ್ದಾಳೆ. ಚಿತ್ರ ಚೆನ್ನಾಗಿ ಬರಬೇಕೆಂದೇನಿಲ್ಲ, ಗೀಟು ಚಿತ್ರವಾದರೂ ನಡೆಯುತ್ತದೆ.

ಮೂರನ್ನೂ ಒಟ್ಟಿಗೆ ಕೊಟ್ಟು ಜೋಡಿಸು ಅನ್ನಬೇಡಿ. ಮೊದಲನೆಯದು ಮತ್ತು ಕೊನೆಯದನ್ನು ನೀವೇ ಇಟ್ಟು, ನಡುವೆ ಜಾಗ ಬಿಡಿ. "ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ನಡುವೆ ಏನಾಗಿರಬೇಕು?" ಅಂತ ಕೇಳಿ. ಮಗು ಮೊದಲು ಬಾಯಲ್ಲಿ ಹೇಳಲಿ, ಆಮೇಲೆ ಕಾರ್ಡ್ ಕೊಡಿ. ಊಹೆ ಮಾಡಿ ಸರಿ ಬಂದಾಗ ಆ ಮುಖ ನೋಡಬೇಕು.

ಕಾರ್ಡುಗಳನ್ನು ನೆಲದ ಮೇಲೆ ಇಡುವುದಕ್ಕಿಂತ ನೇತು ಹಾಕುವುದು ಒಳ್ಳೆಯದು. ನಲಿ-ಕಲಿ ಕೋಣೆಯಲ್ಲಿ ಮಕ್ಕಳು ಮಾಡಿದ್ದನ್ನು ನೇತು ಹಾಕಲು ತಲೆಯ ಮೇಲೆ ಕಟ್ಟಿದ ಚಪ್ಪರದ ಹಗ್ಗ ಇದ್ದೇ ಇರುತ್ತದೆ. ಅಂಥದ್ದೇ ಇನ್ನೊಂದು ಹಗ್ಗವನ್ನು ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ, ಗೋಡೆಗೆ ತಾಗಿಸಿ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ. ಗೋಡೆ ಯಾಕೆ ಬೇಕು ಅಂದರೆ, ಮಕ್ಕಳು ಸುತ್ತ ಕೂತಾಗ ಎದುರಿನವರಿಗೆ ನೆಲದ ಮೇಲಿನ ಸಾಲು ಬಲದಿಂದ ಎಡಕ್ಕೆ ಕಾಣುತ್ತದೆ. "ನಾನು ಸರಿಯಾಗೇ ಹೇಳಿದೆ" ಅಂತ ಅಳುತ್ತಿದ್ದ ಹುಡುಗ ನಿಜಕ್ಕೂ ಸರಿಯಾಗೇ ಹೇಳಿದ್ದ. ಅವನು ಕೂತಿದ್ದು ಆ ಕಡೆ, ಅಷ್ಟೆ. ಇದು ನನಗೆ ಗೊತ್ತಾಗುವ ಹೊತ್ತಿಗೆ ಬಹಳ ದಿನ ಆಗಿತ್ತು. ಹಗ್ಗದ ಎಡ ತುದಿಗೆ ಒಂದು ಕೆಂಪು ರಿಬ್ಬನ್ ಕಟ್ಟಿ, ಕಥೆ ಅಲ್ಲಿಂದ ಹೊರಡುತ್ತದೆ ಅಂತ ಹೇಳಿಕೊಡಿ.

ಚಿತ್ರ ಆರಿಸುವಾಗ ಒಂದು ಎಚ್ಚರಿಕೆ. ಏಣಿಯ ಮೇಲೆ ನಿಂತ ಹುಡುಗನ ಚಿತ್ರ ಹತ್ತುವುದೂ ಆಗಬಹುದು, ಇಳಿಯುವುದೂ ಆಗಬಹುದು. ಅಂಥ ಚಿತ್ರ ಆರಂಭದಲ್ಲಿ ಬೇಡ. ಮಗುವಿನ ಉತ್ತರ ತಪ್ಪಾದರೆ ತಪ್ಪು ಚಿತ್ರದ್ದೋ ಮಗುವಿನದ್ದೋ ಗೊತ್ತಾಗುವುದಿಲ್ಲ.

ಮೂರನೇ ಹೆಜ್ಜೆ: ಒಂದು ಕಥೆ, ಏಳು ಪಟ್ಟಿ

ಚಿತ್ರದಿಂದ ವಾಕ್ಯಕ್ಕೆ ಬರುವಾಗ ಕಥೆಯನ್ನು ನೀವೇ ಕಟ್ಟಿಕೊಳ್ಳಿ. ನಮ್ಮ ಕಡೆ, ಅದರಲ್ಲೂ ಚಳ್ಳಕೆರೆ ಸೀಮೆಯಲ್ಲಿ, ಶೇಂಗಾ ಅಂದರೆ ಮಕ್ಕಳಿಗೆ ಹೊಲದಿಂದ ಗಾಣದವರೆಗೆ ಗೊತ್ತು. ನಾನು ಬಳಸುವ ಕಥೆ ಇದು:

ಗಂಗಮ್ಮಜ್ಜಿ ಅಂಗಳದಲ್ಲಿ ಶೇಂಗಾ ಒಣಹಾಕಿದಳು.
ಪಕ್ಕದಲ್ಲೇ ಒಂದು ಕೊಡ ನೀರು ತಂದಿಟ್ಟಳು.
ಕಟ್ಟೆಯ ಮೇಲೆ ಕೂತವಳಿಗೆ ನಿದ್ದೆ ಹತ್ತಿತು.
ಪಕ್ಕದ ಮನೆಯ ಆಡು ಹಗ್ಗ ಬಿಡಿಸಿಕೊಂಡು ಬಂದು ಶೇಂಗಾ ತಿನ್ನತೊಡಗಿತು.
ನಾಯಿ ಬೊಗಳಿದ್ದಕ್ಕೆ ಅವಳಿಗೆ ಎಚ್ಚರವಾಯಿತು.
ಅಜ್ಜಿ ಕೋಲು ಹಿಡಿದು ಬಂದಿದ್ದೇ ತಡ, ಆಡು ಹೆದರಿ ಕೊಡ ಉರುಳಿಸಿ ಓಡಿತು.
ಅವಳು ಒದ್ದೆಯಾದ ಶೇಂಗಾವನ್ನು ಮತ್ತೆ ಒಣಹಾಕಿದಳು.

ಮೊದಲು ಕಥೆಯನ್ನು ಎರಡು ಸಲ ಬಾಯಲ್ಲೇ ಹೇಳಿ. ಆಡು ಬಂದಾಗ ಕೈಯಲ್ಲಿ ಕೊಂಬು ಮಾಡಿ, ನಾಯಿಯ ಹಾಗೆ ಬೊಗಳಿ. ಆಮೇಲೆ ಒಂದೊಂದು ವಾಕ್ಯವನ್ನೂ ಒಂದೊಂದು ಕಾಗದದ ಪಟ್ಟಿಯಲ್ಲಿ ಬರೆದು ನಾಲ್ಕು ಮಕ್ಕಳ ಗುಂಪಿಗೆ ಕೊಡಿ. ಮೂರನೇ ತರಗತಿಯವರಿಗೆ ಏಳೂ ಪಟ್ಟಿ. ಎರಡನೆಯವರಿಗೆ ನಾಲ್ಕು ಸಾಕು. ಒಂದನೆಯವರಿಗೆ ಇದೇ ಕಥೆಯ ಮೂರು ಚಿತ್ರ. ಒಂದೇ ಕೋಣೆಯಲ್ಲಿ ಮೂರು ತರಗತಿ ಇರುವುದು ಇಲ್ಲಿ ಅನುಕೂಲವೇ: ದೊಡ್ಡವರು ಪಟ್ಟಿ ಓದಿದರೆ ಚಿಕ್ಕವರು ಅದಕ್ಕೆ ಸರಿಯಾದ ಚಿತ್ರ ಹುಡುಕುತ್ತಾರೆ.

ಪಟ್ಟಿಗಳ ಮೇಲೆ ಅಂಕಿ ಬರೆಸಬೇಡಿ. ಅಂಕಿ ಒಮ್ಮೆ ಬಿದ್ದರೆ ಮಗು ಮತ್ತೆ ಯೋಚಿಸುವುದಿಲ್ಲ. ಕ್ಲಿಪ್ ತೆಗೆದು ಹಾಕುವುದು ಸುಲಭ, ಮನಸ್ಸು ಬದಲಿಸುವುದೂ ಸುಲಭವಾಗುತ್ತದೆ.

ಮೊದಲಿನದು ಮತ್ತು ಕೊನೆಯದನ್ನು ಹುಡುಕುವುದರಿಂದ ಶುರು ಮಾಡಿಸಿ. "ಅವಳು" ಅಂತ ಶುರುವಾಗುವ ಪಟ್ಟಿ ಮೊದಲು ಬರಬಹುದಾ? ಬಂದರೆ ಯಾರು ಅವಳು? ಹೆಸರು ಹೇಳದೆ "ಅವಳು" ಅನ್ನಲಾಗದು. ಇನ್ನು "ಒಣಹಾಕಿದಳು" ಎರಡು ಕಡೆ ಇದೆಯಲ್ಲ, ಕೊನೆಯದು ಯಾವುದು? "ಮತ್ತೆ" ಅನ್ನುವ ಪುಟ್ಟ ಪದ ತೋರಿಸಿ. ಒಂದು ಸಲ ಆಗದೆ "ಮತ್ತೆ" ಆಗುವುದಿಲ್ಲ. ಒದ್ದೆಯಾಗಬೇಕಾದರೆ ಕೊಡ ಉರುಳಿರಬೇಕು. ಒಂದೊಂದು ಕ್ಲಿಪ್ ಹಾಕುವಾಗಲೂ ನಮ್ಮ ಪ್ರಶ್ನೆ ಕೇಳುತ್ತಾ ಇರಿ: ನಾಯಿ ಬೊಗಳದೇ ಇದ್ದಿದ್ರೆ? ಅಜ್ಜಿಗೆ ನಿದ್ದೆ ಬರದೇ ಇದ್ದಿದ್ರೆ?

ಇಲ್ಲೇ ನನಗೊಂದು ಪಾಠವಾಯಿತು. ಮೂರನೇ ತರಗತಿಯ ಹುಡುಗಿಯೊಬ್ಬಳು ನೀರಿನ ಕೊಡದ ಪಟ್ಟಿಯನ್ನು ಎಲ್ಲಕ್ಕಿಂತ ಮೊದಲು ಹಾಕಿದ್ದಳು. ನಾನು ತಪ್ಪು ಅಂದೆ. ಅವಳು ಒಪ್ಪಲಿಲ್ಲ. "ನೀರು ಮೊದಲೇ ತಂದಿಟ್ಟು ಆಮೇಲೆ ಶೇಂಗಾ ಹಾಕಬಹುದಲ್ವಾ ಮಿಸ್? ಆಡು ಬರೋದ್ರೊಳಗೆ ಕೊಡ ಅಲ್ಲಿದ್ರೆ ಆಯ್ತು." ಅವಳ ಮಾತು ನೂರಕ್ಕೆ ನೂರು ಸರಿ. ಕಥೆಯಲ್ಲಿ ಕೆಲವು ಘಟನೆ ಅಲುಗಾಡಲು ಆಗದ ಹಾಗೆ ಒಂದರ ಹಿಂದೆ ಒಂದು ಕಟ್ಟಿಕೊಂಡಿರುತ್ತವೆ. ಕೆಲವು ಸ್ವಲ್ಪ ಹಿಂದೆ ಮುಂದೆ ಸರಿಯಬಹುದು. "ಪಕ್ಕದಲ್ಲೇ" ಅನ್ನುವ ಪದವೊಂದೇ ಆ ಪಟ್ಟಿಯನ್ನು ಎರಡನೇ ಜಾಗಕ್ಕೆ ಎಳೆಯುತ್ತಿತ್ತು. ಅದನ್ನು ತೋರಿಸಿದ ಮೇಲೆ ಅವಳೂ ಒಪ್ಪಿದಳು, "ಆದ್ರೂ ನಂದೂ ಆಗುತ್ತೆ" ಅಂದಳು. ಆಗುತ್ತೆ. ಅಂದಿನಿಂದ ಉತ್ತರ ಬೇರೆ ಬಂದರೆ ನಾನು ಮೊದಲು "ಯಾಕೆ?" ಅಂತ ಕೇಳುತ್ತೇನೆ. ಕಾರಣ ಗಟ್ಟಿ ಇದ್ದರೆ ಅದೂ ಸರಿ ಉತ್ತರವೇ. ದಯವಿಟ್ಟು ಕೆಂಪು ಪೆನ್ನು ತೆಗೆಯುವ ಮೊದಲು ಇದೊಂದನ್ನು ಮಾಡಿ.

ನಾಲ್ಕನೇ ಹೆಜ್ಜೆ: ಕನ್ನಡ ವಾಕ್ಯದೊಳಗಿನ ಸುಳಿವುಗಳು

ಬಹಳ ಕಡೆ ಈ ಪಾಠ "ಮೊದಲು, ಆಮೇಲೆ, ನಂತರ, ಕೊನೆಗೆ" ಅನ್ನುವ ನಾಲ್ಕು ಪದಗಳ ಚಾರ್ಟ್ ಅಂಟಿಸಿದಲ್ಲಿಗೆ ಮುಗಿಯುತ್ತದೆ. ಚಾರ್ಟ್ ಇರಲಿ. ಅದಕ್ಕೆ ಅಷ್ಟರಲ್ಲಿ, ಕೂಡಲೇ, ಮರುದಿನ, ಅಷ್ಟೊತ್ತಿಗೆ ಅನ್ನುವುದನ್ನೂ ಸೇರಿಸಿ. ಆದರೆ ಕನ್ನಡದಲ್ಲಿ ಅನುಕ್ರಮ ಜಾಸ್ತಿ ಅಡಗಿರುವುದು ಕ್ರಿಯಾಪದದ ಬಾಲದಲ್ಲಿ. ಮಕ್ಕಳು ಎಡವುವುದೂ ಅಲ್ಲೇ.

ಈ ವಾಕ್ಯ ನೋಡಿ: "ಆಡು ಹಗ್ಗ ಬಿಡಿಸಿಕೊಂಡು, ಬೇಲಿ ಹಾರಿ, ಅಂಗಳಕ್ಕೆ ಬಂದು ಶೇಂಗಾ ತಿಂದಿತು." ಆಡು ಎಷ್ಟು ಕೆಲಸ ಮಾಡಿತು? ಬಹಳ ಮಕ್ಕಳು ಒಂದು ಅನ್ನುತ್ತಾರೆ, ತಿಂದಿತು ಅಂತ. ಕೊನೆಯ ಪದ ಮಾತ್ರ ಪೂರ್ತಿ ಕ್ರಿಯೆಯ ಹಾಗೆ ಕಿವಿಗೆ ಬೀಳುತ್ತದೆ, ಉಳಿದ ಮೂರು ಜಾರಿ ಹೋಗುತ್ತವೆ. ವಾಕ್ಯವನ್ನು ನಿಧಾನವಾಗಿ ಓದಿ, ಆಡು ಏನಾದರೂ ಮಾಡಿದಾಗಲೆಲ್ಲ ಒಂದು ಚಪ್ಪಾಳೆ ಹೊಡೆಸಿ. ನಾಲ್ಕು ಚಪ್ಪಾಳೆ. ಈಗ ಒಡೆಯಿರಿ: ಬಿಡಿಸಿಕೊಂಡಿತು. ಹಾರಿತು. ಬಂದಿತು. ತಿಂದಿತು. ನಾಲ್ಕು ಪಟ್ಟಿ ಆಯಿತು. ಮರುದಿನ ಉಲ್ಟಾ ಮಾಡಿಸಿ: ನಾಲ್ಕು ತುಂಡು ವಾಕ್ಯ ಕೊಟ್ಟು ಒಂದೇ ವಾಕ್ಯವಾಗಿ ಹೆಣೆಯಲು ಹೇಳಿ. ಎದ್ದು, ಮುಖ ತೊಳೆದು, ಹಾಲು ಕುಡಿದು, ಚೀಲ ಹಾಕಿಕೊಂಡು ಬಂದೆ. ಮಕ್ಕಳು ಮನೆಯಲ್ಲಿ ದಿನಾ ಹೀಗೇ ಮಾತಾಡುತ್ತಾರೆ. ಪುಸ್ತಕದಲ್ಲಿ ಕಂಡಾಗ ಮಾತ್ರ ಗುರುತು ಹಿಡಿಯುವುದಿಲ್ಲ.

ಇದರ ಜೊತೆಗೇ "ಅತ್ತು ಬಂದ" ಮತ್ತು "ಅಳುತ್ತಾ ಬಂದ" ಎರಡನ್ನೂ ನಟನೆ ಮಾಡಿಸಿ. ಮೊದಲಿನದರಲ್ಲಿ ಅಳು ಮುಗಿದಿದೆ. ಎರಡನೆಯದರಲ್ಲಿ ಅಳು, ನಡಿಗೆ ಎರಡೂ ಒಟ್ಟಿಗೆ. ಮಕ್ಕಳಿಗೆ ಇದು ಎಷ್ಟು ಇಷ್ಟ ಅಂದರೆ "ತಿಂದು ಓಡಿದ, ತಿನ್ನುತ್ತಾ ಓಡಿದ" ಅಂತ ತಾವೇ ಹುಟ್ಟಿಸಿಕೊಂಡು ಬಿಸಿಯೂಟದವರೆಗೂ ಆಡುತ್ತಿರುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ಇದು: "ಊಟ ಮಾಡುವ ಮೊದಲು ಅಪ್ಪ ಎತ್ತಿಗೆ ನೀರು ಕುಡಿಸಿದ." ಮೊದಲು ಏನಾಯಿತು? "ಊಟ!" ಅಂತ ಥಟ್ಟನೆ ಉತ್ತರ ಬರುತ್ತದೆ. ಕಿವಿಗೆ ಮೊದಲು ಬಿದ್ದದ್ದು ಊಟ, ಅದರ ಪಕ್ಕದಲ್ಲೇ "ಮೊದಲು" ಅಂತ ಬೇರೆ ಇದೆ. ಮಗುವಿನ ತಪ್ಪಿಗೆ ಸರಿಯಾದ ಕಾರಣವೇ ಇದೆ ನೋಡಿ. ಹೇಳಿದ ಸಾಲು ಬೇರೆ, ನಡೆದ ಸಾಲು ಬೇರೆ ಆಗಬಹುದು ಅನ್ನುವುದು ಅವರಿಗೆ ಇಲ್ಲೇ ಮೊದಲ ಸಲ ಎದುರಾಗುತ್ತದೆ. ಇದನ್ನು ವಿವರಿಸಲು ಹೋಗಬೇಡಿ, ಮೈಯಿಂದ ಮಾಡಿಸಿ. "ಕೂರುವ ಮೊದಲು ಚಪ್ಪಾಳೆ ತಟ್ಟು." "ಚಪ್ಪಾಳೆ ತಟ್ಟಿದ ಮೇಲೆ ಕೂತ್ಕೋ." ಎರಡೂ ಆಜ್ಞೆಗೆ ಮಾಡುವ ಕೆಲಸ ಒಂದೇ. ಒಂದು ವಾರ ದಿನಾ ಐದು ನಿಮಿಷ ಈ ಆಟ ಆಡಿಸಿ, ಆಮೇಲೆ ಎತ್ತಿನ ವಾಕ್ಯಕ್ಕೆ ಬನ್ನಿ.

ಮೂರನೇ ತರಗತಿಯ ಜಾಣ ಓದುಗರಿಗೆ ಇನ್ನೊಂದು. "ಅಜ್ಜಿ ಬಾಗಿಲು ತೆಗೆದಳು. ಬೆಕ್ಕು ಹಾಲು ಕುಡಿಯಿತು." "ಅಜ್ಜಿ ಬಾಗಿಲು ತೆಗೆದಳು. ಬೆಕ್ಕು ಹಾಲು ಕುಡಿದಿತ್ತು." ಯಾವ ಅಜ್ಜಿಗೆ ಬೆಕ್ಕನ್ನು ಓಡಿಸಲು ಅವಕಾಶ ಇತ್ತು? ಇದನ್ನು ಚಿಕ್ಕವರಿಗೆ ಹೇಳಬೇಡಿ, ಸುಮ್ನೆ ಗೊಂದಲವಾಗುತ್ತದೆ.

ಐದನೇ ಹೆಜ್ಜೆ: ಓಬವ್ವನಿಗೆ ಎರಡು ಹಗ್ಗ

ಒಂದೇ ಹೊತ್ತಿಗೆ ಎರಡು ಕಡೆ ಎರಡು ಘಟನೆ ನಡೆದರೆ ಒಂದು ಹಗ್ಗ ಸಾಲದು. ಇದಕ್ಕೆ ನಮ್ಮ ದುರ್ಗದ ಒನಕೆ ಓಬವ್ವನ ಕಥೆಗಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ. ನವೆಂಬರ್ 11ರ ಓಬವ್ವ ಜಯಂತಿಯ ವಾರದಲ್ಲಿ ನಾನು ಇದನ್ನು ಇಟ್ಟುಕೊಳ್ಳುತ್ತೇನೆ, ಆಗ ಕಥೆ ಹೇಗೂ ಎಲ್ಲರ ಕಿವಿಯಲ್ಲಿರುತ್ತದೆ.

ಮೇಲಿನ ಹಗ್ಗ ಮನೆಯದು. ಕಾವಲುಗಾರ ಗಂಡ ಊಟಕ್ಕೆ ಬಂದ. ಊಟಕ್ಕೆ ಕೂತ. ಊಟ ಮುಗಿಸಿ ಕಾವಲಿಗೆ ಹೊರಟ. ಕೆಳಗಿನ ಹಗ್ಗ ಕಿಂಡಿಯದು. ಓಬವ್ವ ನೀರು ತರಲು ಹೋದಳು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವ ಸದ್ದು ಕೇಳಿತು. ಒನಕೆ ಹಿಡಿದು ಕಿಂಡಿಯ ಬಾಯಿಗೆ ನಿಂತಳು. ಒಬ್ಬೊಬ್ಬರಾಗಿ ಬಂದವರನ್ನು ಹೊಡೆದು ಪಕ್ಕಕ್ಕೆ ಎಳೆದು ಹಾಕಿದಳು. ಕೊನೆಗೆ ಎರಡೂ ಹಗ್ಗದ ತುದಿಯನ್ನು ಒಂದೇ ಮೊಳೆಗೆ ಕಟ್ಟಿ: ಗಂಡ ಬಂದು ನೋಡಿದ.

ಈಗ "ಓಬವ್ವ ಸದ್ದು ಕೇಳಿದಾಗ ಗಂಡ ಏನು ಮಾಡುತ್ತಿದ್ದ?" ಅಂತ ಕೇಳಿ, ಕೆಳಗಿನ ಕಾರ್ಡಿನಿಂದ ನೇರ ಮೇಲಕ್ಕೆ ಬೆರಳು ಓಡಿಸಲು ಹೇಳಿ. "ಅದೇ ಹೊತ್ತಿಗೆ", "ಅಷ್ಟರಲ್ಲಿ" ಅನ್ನುವ ಪದಗಳು ಆಗ ಬಾಯಿಪಾಠವಾಗಿ ಉಳಿಯದೆ ಅರ್ಥವಾಗುತ್ತವೆ. ಸೈನಿಕರು ಒಬ್ಬೊಬ್ಬರಾಗಿಯೇ ಯಾಕೆ ಬಂದರು? ಕೋಟೆಗೆ ಕರೆದುಕೊಂಡು ಹೋಗಲು ಆದರೆ ಆ ಕಿಂಡಿಯನ್ನೇ ತೋರಿಸಿ. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಇಬ್ಬರು ಒಟ್ಟಿಗೆ ನುಸುಳಲಾರರು ಅಂತ ಮಕ್ಕಳೇ ಹೇಳುತ್ತಾರೆ. ಕಿಂಡಿ ದೊಡ್ಡದಿದ್ದಿದ್ದರೆ ಕಥೆಯ ಸಾಲೇ ಬೇರೆ ಆಗುತ್ತಿತ್ತು. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿದ್ದನ್ನು ಇನ್ನೊಂದು ಕಾರ್ಡಿನಲ್ಲಿ ಬರೆದು ದೊಡ್ಡ ಮಕ್ಕಳಿಗೆ ಕೊಡಿ, ಅದು ಹಗ್ಗದಲ್ಲಿ ಎಲ್ಲಿಗೆ ಬರುತ್ತದೆ ಅಂತ ಅವರೇ ಹುಡುಕಲಿ. ಹೊಡೆಯುವ ಭಾಗವನ್ನು ಚಿಕ್ಕವರ ಕೈಲಿ ನಟನೆ ಮಾಡಿಸಬೇಡಿ, ಪೆಟ್ಟು ಬೀಳುತ್ತದೆ.

ಆರನೇ ಹೆಜ್ಜೆ: ಕೊನೆಯಿಂದ ಹಿಂದಕ್ಕೆ

ಕಲಿತಿದ್ದಾರಾ ಇಲ್ಲವಾ ಅಂತ ನೋಡಲು ಪರೀಕ್ಷೆ ಬೇಡ. ಕೊನೆಯ ಕಾರ್ಡ್ ಹಿಡಿದು ಹಿಂದಕ್ಕೆ ನಡೆಸಿ. ಶೇಂಗಾ ಯಾಕೆ ಒದ್ದೆ? ಕೊಡ ಉರುಳಿತು. ಯಾಕೆ ಉರುಳಿತು? ಆಡು ಹೆದರಿತು. ಯಾಕೆ ಹೆದರಿತು? ಹೀಗೆ ಹಿಂದೆ ಹಿಂದೆ ಹೋಗಿ ಅಜ್ಜಿಯ ನಿದ್ದೆಗೆ ಮುಟ್ಟಿದ ಮಗುವಿಗೆ ಕಥೆ ಪೂರ್ತಿ ಕೈಗೆ ಸಿಕ್ಕಿದೆ. ಬಾಯಿಪಾಠ ಮಾಡಿದ ಮಗು ಎರಡನೇ "ಯಾಕೆ"ಗೆ ನಿಲ್ಲುತ್ತದೆ.

ನಿಂತ ಮಗುವನ್ನು ದಡ್ಡ ಅಂದುಕೊಳ್ಳಬೇಡಿ. ಎಲ್ಲಿ ನಿಂತಿತು ಅಂತ ನೋಡಿ. ಬಾಯಲ್ಲಿ ಕಥೆ ಸರಿಯಾಗಿ ಹೇಳಿ ಪಟ್ಟಿಯಲ್ಲಿ ತಪ್ಪಿದರೆ ತೊಂದರೆ ಇರುವುದು ಓದಿನಲ್ಲಿ. ಪಟ್ಟಿಯನ್ನು ನೀವು ಓದಿ ಹೇಳಿ, ಅದು ಜೋಡಿಸಲಿ. ಚಿತ್ರ ಸರಿಯಾಗಿಟ್ಟು ಹೇಳಲು ಬಾರದಿದ್ದರೆ ಮಾತು ಬೇಕು, ಅಂಥ ಮಗುವಿನ ಜೊತೆ ಹೆಚ್ಚು ಹರಟೆ ಹೊಡೆಯಿರಿ. ಎರಡೂ ಆಗದಿದ್ದರೆ ಮೂರರಿಂದ ಎರಡು ಕಾರ್ಡಿಗೆ ಇಳಿಯಿರಿ: ಊದುವ ಬಲೂನ್, ಒಡೆದ ಬಲೂನ್. ಅವಸರ ಬೇಡ.

ಬರೆಯಲು ಶುರು ಮಾಡಿದಾಗ ಪ್ರತಿ ಸಾಲಿಗೂ "ಆಮೇಲೆ" ಬರುತ್ತದೆ. ಆಮೇಲೆ ಆಡು ಬಂತು, ಆಮೇಲೆ ನಾಯಿ ಬೊಗಳಿತು, ಆಮೇಲೆ... ಮೊದಲ ಕೆಲವು ತಿಂಗಳು ಇದನ್ನು ತಿದ್ದಬೇಡಿ ಅಂತಲೇ ನನ್ನ ಸಲಹೆ. ಆ "ಆಮೇಲೆ" ಮಗು ಹಿಡಿದುಕೊಂಡ ಗೋಡೆ. ನಡಿಗೆ ಗಟ್ಟಿಯಾದ ಮೇಲೆ, ಒಂದು ಪುಟದಲ್ಲಿ ಎರಡೇ "ಆಮೇಲೆ"ಗೆ ಸುತ್ತು ಹಾಕಿ, ಅದರ ಬದಲು ಚಾರ್ಟಿನಿಂದ ಬೇರೆ ಪದ ಆರಿಸಲು ಹೇಳಿ. ಎಲ್ಲವನ್ನೂ ಒಮ್ಮೆಲೇ ಅಳಿಸಿದರೆ ಬರೆಯುವುದನ್ನೇ ಬಿಡುತ್ತಾರೆ.

ಮನೆಯವರಿಗೆ

ನಮ್ಮೂರಿನ ಎಷ್ಟೋ ತಾಯಂದಿರು ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಸಂಜೆ ಬರುತ್ತಾರೆ. ಓದಿಸಿ ಅಂತ ಅವರಿಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಈ ಕೆಲಸಕ್ಕೆ ಓದಲು ಬರಬೇಕಾಗಿಯೂ ಇಲ್ಲ. "ಇವತ್ತು ಶಾಲೇಲಿ ಏನ್ಮಾಡಿದ್ರಿ?" ಅಂದರೆ "ಏನಿಲ್ಲ" ಅಂತ ಉತ್ತರ ಬರುತ್ತದೆ. ಅದರ ಬದಲು "ಊಟದ ಬೆಲ್ ಹೊಡೆಯೋಕೆ ಮುಂಚೆ ಏನಾಯ್ತು? ಊಟ ಆದ್ಮೇಲೆ ಯಾರ ಜೊತೆ ಆಡಿದೆ?" ಅಂತ ರೊಟ್ಟಿ ಬಡಿಯುತ್ತಾ ಕೇಳಿದರೆ ಸಾಕು.

ಮನೆಯಲ್ಲಿ ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ಕಥೆ ಹೇಳುವಾಗ ಒಂದು ಕಡೆ ಬೇಕಂತಲೇ ತಪ್ಪಿಸಲು ಹೇಳಿ. "ಅಜ್ಜಿ ಕೋಲು ಹಿಡಿದು ಬಂದಳು, ಆಮೇಲೆ ನಾಯಿ ಬೊಗಳಿತು..." ಅರೆನಿದ್ದೆಯಲ್ಲಿದ್ದ ಮಗು ಎದ್ದು ಕೂರುತ್ತದೆ. "ಅಲ್ಲಜ್ಜಿ! ನಾಯಿ ಮೊದ್ಲು ಬೊಗಳಿದ್ದು!" ಆಗ ಅಜ್ಜಿ "ಹೌದೇನೇ? ನಾಯಿ ಬೊಗಳದೇ ಇದ್ದಿದ್ರೆ ಏನಾಗ್ತಿತ್ತು?" ಅಂತ ಕೇಳಿ, ಸುಮ್ಮನೆ ಕಾಯಬೇಕು.